ತಪ್ಪು ಉತ್ತರ ಬರೆಯುವುದೇ ಕಷ್ಟದ ಕೆಲಸ

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಶಿಕ್ಷಕಿ. 9ನೇ ತರಗತಿಯ ಕಿರು ಪರೀಕ್ಷೆಗೆ ನಾಲ್ಕು ಆಯ್ಕೆಗಳ 20 ಪ್ರಶ್ನೆ ಕೊಡುತ್ತೇನೆ. ಸ್ವಂತವಾಗಿ ಎರಡು ಸಾಲು ಬರೆಯಲು ಬಾರದವರಿಗೂ 14–15 ಅಂಕ ಬರುತ್ತಿದೆ. ಚೆನ್ನಾಗಿ ಓದುವವರು ‘ಎರಡು ಉತ್ತರ ಸರಿ ಇದೆ ಮಿಸ್’ ಎಂದು ಜಗಳಕ್ಕೆ ಬರುತ್ತಾರೆ. ಎಲ್ಲಿ ಎಡವುತ್ತಿದ್ದೇನೆ ಸರ್? ಒಂದು ಪ್ರಶ್ನೆ ಕಳಿಸಿದ್ದೇನೆ:

ಆವಿಯಾಗುವಿಕೆಯ ವೇಗ ಯಾವುದನ್ನು ಅವಲಂಬಿಸಿದೆ? ಅ) ಬಣ್ಣ ಆ) ವಾಸನೆ ಇ) ಮೇಲ್ಮೈ ವಿಸ್ತೀರ್ಣ, ತಾಪ ಮತ್ತು ಗಾಳಿಯ ವೇಗ ಈ) ಯಾವುದೂ ಅಲ್ಲ

ಉತ್ತರ: ಮೇಡಂ, ಕಣ್ಣು ಮುಚ್ಚಿ ಗುರುತು ಹಾಕಿದರೆ 20ಕ್ಕೆ ಸರಾಸರಿ 5 ಬರುತ್ತದೆ. 14 ಬಂದಿದೆ ಎಂದರೆ ಬರೀ ಅದೃಷ್ಟ ಅಲ್ಲ. ನಕಲು ಇಲ್ಲ ಅಂತಿಟ್ಟುಕೊಂಡರೆ, ಎರಡು ಸಾಧ್ಯತೆ ಉಳಿಯುತ್ತವೆ. ಒಂದು, ಆ ಮಕ್ಕಳಿಗೆ ನಿಜವಾಗಿ ಗೊತ್ತಿರಬಹುದು. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ, ತೋಟದ ಲೈನ್ ಮನೆಯಲ್ಲಿ ತಮಿಳೋ ಮಲಯಾಳವೋ ಮಾತಾಡುವ ಮಗುವಿಗೆ ಕನ್ನಡದಲ್ಲಿ ಬರೆಯುವುದು ಕಷ್ಟ, ವಿಜ್ಞಾನ ಅಲ್ಲ. ಅವರನ್ನು ಸುಮ್ನೆ ಅನುಮಾನಿಸಬೇಡಿ. ಇನ್ನೊಂದು, ಪ್ರಶ್ನೆಯೇ ಉತ್ತರ ಹೇಳಿಕೊಡುತ್ತಿರಬಹುದು.

ನಿಮ್ಮ ಪ್ರಶ್ನೆಯನ್ನೇ ನೋಡಿ. ಪಾಠ ಓದದವನೂ ‘ಇ’ ಎನ್ನುತ್ತಾನೆ. ಅದೊಂದೇ ಉದ್ದ ಇದೆ, ಅದೊಂದೇ ಪುಸ್ತಕದ ಮಾತಿನ ಹಾಗಿದೆ. ಬಣ್ಣ, ವಾಸನೆ ಯಾರನ್ನೂ ಎಳೆಯುವುದಿಲ್ಲ. ಸರಿಯುತ್ತರ ಎಲ್ಲರೂ ಬರೆಯುತ್ತಾರೆ. ಮಗು ನಂಬುವಂಥ ತಪ್ಪು ಉತ್ತರ ಬರೆಯುವುದರಲ್ಲೇ ಇರುವುದು ಕಸುಬು. ಇದನ್ನೇ ಹೀಗೆ ಕೇಳಬಹುದು:

ಜುಲೈ ತಿಂಗಳು. ಮಡಿಕೇರಿಯ ಮನೆಯೊಂದರ ಜಗಲಿಯಲ್ಲಿ ಬಟ್ಟೆ ಒಣಹಾಕಿದ್ದಾರೆ. ಗಾಳಿ ಬೀಸುತ್ತಿದೆ. ಎರಡು ದಿನವಾದರೂ ಬಟ್ಟೆ ಒಣಗಿಲ್ಲ. ಕಾರಣ?
ಅ) ಬಿಸಿಲು ಬೀಳದೆ ನೀರು ಆವಿಯಾಗದು
ಆ) ಗಾಳಿಯಲ್ಲಿ ಆಗಲೇ ನೀರಾವಿ ತುಂಬಾ ಇದೆ
ಇ) ಗಾಳಿ ಬೀಸಿದರೆ ಆವಿಯಾಗುವುದು ನಿಧಾನ
ಈ) 100 ಡಿಗ್ರಿ ಮುಟ್ಟದೆ ನೀರು ಆವಿಯಾಗದು

‘ಈ’ಗೆ ಗುರುತು ಹಾಕಿದ ಮಗು ಕುದಿಯುವುದನ್ನೂ ಆವಿಯಾಗುವುದನ್ನೂ ಒಂದೇ ಅಂದುಕೊಂಡಿದೆ. ಮರುದಿನ ಏನು ಪಾಠ ಮಾಡಬೇಕು ಅಂತ ನಿಮಗೆ ಗೊತ್ತಾಯಿತು ಅಲ್ವಾ? ಇಲ್ಲಿ ‘ಚಳಿ ಜಾಸ್ತಿ ಇದೆ’ ಎಂಬ ಆಯ್ಕೆಯನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ತಾಪ ಇಳಿದರೂ ಆವಿಯಾಗುವುದು ನಿಧಾನವಾಗುತ್ತದೆ, ಅದೂ ಅರ್ಧ ಸರಿ. ನಿಮ್ಮ ಜಾಣ ಮಕ್ಕಳು ಜಗಳ ತೆಗೆಯುವುದು ಇಂಥ ಜಾಗದಲ್ಲೇ, ಮತ್ತು ನ್ಯಾಯ ಅವರ ಕಡೆಗೇ ಇರುತ್ತದೆ.

ಇಂಥ ತಪ್ಪುಗಳನ್ನು ಕೂತು ಕಲ್ಪಿಸಿಕೊಳ್ಳುವ ಅಗತ್ಯ ಇಲ್ಲ. ಅದೇ ಪ್ರಶ್ನೆಯನ್ನು ಆಯ್ಕೆ ಇಲ್ಲದೆ ತರಗತಿಯಲ್ಲಿ ಕೇಳಿ, ಚೀಟಿಯಲ್ಲಿ ಒಂದು ಸಾಲು ಬರೆಸಿಕೊಳ್ಳಿ, ಹೆಸರು ಬೇಡ. ಹೆಚ್ಚು ಜನ ಮಾಡಿದ ತಪ್ಪುಗಳೇ ಮುಂದಿನ ಬ್ಯಾಚ್‌ಗೆ ನಿಮ್ಮ ಆಯ್ಕೆಗಳು. ನಾಲ್ಕನೆಯದು ಸಿಗದಿದ್ದರೆ ಮೂರೇ ಸಾಕು. ಲೆಕ್ಕ ತುಂಬಿಸಲು ಹಾಕಿದ್ದನ್ನು ಯಾರೂ ಆರಿಸುವುದಿಲ್ಲ. ಮಕ್ಕಳಿಗೆ ಓದುವ ಹೊರೆಯೂ ಕಡಿಮೆ.

‘ಮೇಲಿನ ಎಲ್ಲವೂ’ ಬಿಟ್ಟುಬಿಡಿ. ಎರಡು ಸರಿ ಎಂದು ಗೊತ್ತಿದ್ದರೆ ಮೂರನೆಯದನ್ನು ನೋಡುವ ಕೆಲಸವೇ ಇರುವುದಿಲ್ಲ. ‘ಯಾವುದು ಅಲ್ಲ?’ ಎಂದು ಕೇಳಲೇಬೇಕಾದರೆ ‘ಅಲ್ಲ’ದ ಕೆಳಗೆ ಗೆರೆ ಎಳೆಯಿರಿ.

ನಮ್ಮ ವಿಭಕ್ತಿಯೂ ಗುಟ್ಟು ಬಿಟ್ಟುಕೊಡುತ್ತದೆ. ‘ಹಾರಂಗಿ ನದಿಯು ____ಯನ್ನು ಸೇರುತ್ತದೆ’ ಎಂದು ಬರೆದು ಕಾವೇರಿ, ಅರಬ್ಬಿ ಸಮುದ್ರ, ಲಿಂಗನಮಕ್ಕಿ ಜಲಾಶಯ ಎಂದು ಕೊಟ್ಟರೆ ‘ಯನ್ನು’ ಹೊಂದುವುದು ಕಾವೇರಿಗೆ ಮಾತ್ರ. ಕೂಡಿಗೆಯ ಸಂಗಮದ ಹೆಸರೇ ಕೇಳದವನಿಗೂ ಅಂಕ! ‘ಹಾರಂಗಿ ಯಾವ ನದಿಯನ್ನು ಸೇರುತ್ತದೆ?’ ಎಂದು ಕೇಳಿ, ನದಿಗಳ ಹೆಸರನ್ನೇ ಕೊಡಿ.

ಪರೀಕ್ಷೆ ಮುಗಿದ ಮೇಲೆ ಅರ್ಧ ಗಂಟೆ ತೆಗೆದಿಡಿ. ಹೆಚ್ಚು ಅಂಕದ 10, ಕಡಿಮೆ ಅಂಕದ 10 ಉತ್ತರಪತ್ರಿಕೆ ತೆಗೆದುಕೊಂಡು, ಪ್ರತಿ ಪ್ರಶ್ನೆಗೂ ಯಾರು ಯಾವುದನ್ನು ಆರಿಸಿದರು ಎಂದು ಗೆರೆ ಹಾಕಿ ಎಣಿಸಿ. ಮೇಲಿನವರಿಗಿಂತ ಕೆಳಗಿನವರೇ ಜಾಸ್ತಿ ಸರಿ ಮಾಡಿದ್ದರೆ, ಮೊದಲು ನಿಮ್ಮ ಕೀ ಉತ್ತರ ನೋಡಿ, ಆಮೇಲೆ ಪ್ರಶ್ನೆಯ ಮಾತು. ಯಾರೂ ಮುಟ್ಟದ ಆಯ್ಕೆಯನ್ನು ತೆಗೆದುಹಾಕಿ.

ಇನ್ನು ಆ ಎರಡು ಸಾಲಿನ ವಿಷಯ. ಬರೆಯಲು ಬರುತ್ತದೋ ಇಲ್ಲವೋ ಎಂದು ಗುರುತು ಹಾಕಿಸಿ ತಿಳಿಯಲು ಆಗುವುದಿಲ್ಲ. ಅದಕ್ಕೆ 16 ಬಹು ಆಯ್ಕೆ ಪ್ರಶ್ನೆ ಇಟ್ಟುಕೊಂಡು, ಉಳಿದ 4 ಅಂಕಕ್ಕೆ ಎರಡು ಪ್ರಶ್ನೆಗಳ ಉತ್ತರವನ್ನು ಬರೆಸಿಯೇ ನೋಡಿ.