ಓದುಗರ ಪ್ರಶ್ನೆ: ಹೊಲಕ್ಕೆ ನುಗ್ಗುವ ಹಂದಿ, ಬಾಣ ಮತ್ತು ಗಾಯಗೊಂಡ ಮಿಕದ ಜಾಡು

ಪ್ರಶ್ನೆ: ನಮ್ಮ ಹೊಲ ಅಡವಿಯ ಅಂಚಿನಲ್ಲಿದೆ. ಗೋವಿನಜೋಳದ ತೆನೆಗೆ ಹಾಲು ತುಂಬುವ ಹೊತ್ತಿಗೆ ಕಾಡುಹಂದಿಗಳ ಹಿಂಡು ಬಂದು ಒಂದೇ ರಾತ್ರಿಯಲ್ಲಿ ಸಾಲುಗಟ್ಟಲೆ ದಂಟು ಮುರಿದು ಹಾಕುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಬಿಲ್ಲಿನಿಂದ ಹಂದಿ ಹೊಡೆಯುವ ವಿಡಿಯೊಗಳನ್ನು ನೋಡಿದ ನನ್ನ ತಮ್ಮ ಅಂಥದೇ ಒಂದು ಕಾಂಪೌಂಡ್ ಬಿಲ್ಲನ್ನು (ರಾಟೆ ಜೋಡಿಸಿದ ಆಧುನಿಕ ಬಿಲ್ಲು) ತರಿಸಿದ್ದಾನೆ. ಬಂದೂಕಿಗಾದರೆ ಲೈಸೆನ್ಸ್ ಬೇಕು, ಬಿಲ್ಲಿಗೆ ಬೇಡ, ಆದ್ದರಿಂದ ತಪ್ಪಿಲ್ಲ ಎನ್ನುತ್ತಾನೆ. ಅವನ ಮಾತು ಸರಿಯೇ?
– ಒಬ್ಬ ರೈತರು, ಕಲಘಟಗಿ ತಾಲೂಕು

ಉತ್ತರ: ಸರಿಯಲ್ಲ. ತಮ್ಮನ ಸಂಕಟ ನಿಜವಾದದ್ದು, ಆದರೆ ಅವರು ಹಿಡಿದ ದಾರಿ ನಿಮ್ಮಿಬ್ಬರನ್ನೂ ಜೈಲಿನ ಬಾಗಿಲಿಗೆ ಒಯ್ಯಬಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ನಿಮ್ಮ ಕೈಯಲ್ಲಿರುವುದು ಬಂದೂಕೋ, ಬಿಲ್ಲೋ, ಉರುಲೋ ಎಂಬ ಭೇದವಿಲ್ಲ. ಕಾಡುಪ್ರಾಣಿಯನ್ನು ಕೊಲ್ಲುವುದಷ್ಟೇ ಅಲ್ಲದೆ ಗಾಯಗೊಳಿಸುವುದನ್ನೂ, ಹಾಗೆ ಮಾಡಲು ಯತ್ನಿಸುವುದನ್ನೂ ಅದು ಬೇಟೆ ಎಂದೇ ಕರೆಯುತ್ತದೆ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಆ ಕಾಯ್ದೆಯ ಎರಡನೆಯ ಅನುಸೂಚಿಯಲ್ಲಿದ್ದು (ರಕ್ಷಣೆ ಪಡೆದ ಪ್ರಾಣಿಗಳ ಪಟ್ಟಿ), ಬೆಳೆಗೆ ಕಂಟಕವಾದಾಗ ಅದನ್ನು ಹೊಡೆಯಲು ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣಗಳನ್ನು ನಮೂದಿಸಿ, ಲಿಖಿತ ಅನುಮತಿ ಕೊಡಬಹುದೆಂದು 11ನೇ ಕಲಮು ಹೇಳುತ್ತದೆ. ಆ ಕಾಗದವಿಲ್ಲದೆ ಬಿಟ್ಟ ಬಾಣಕ್ಕೆ ಮೂರು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಟೆಕ್ಸಾಸ್‌ನ ಹಂದಿಗಳ ಮಾತೇ ಬೇರೆ. 16ನೇ ಶತಮಾನದಲ್ಲಿ ಸ್ಪೇನ್‌ದವರು ಅಮೆರಿಕಕ್ಕೆ ತಂದ ಸಾಕುಹಂದಿಗಳೂ ಆಮೇಲೆ ಯುರೋಪಿನಿಂದ ಬಂದ ಕಾಡುಹಂದಿಗಳೂ ಬೆರೆತು ಬೆಳೆದ ಪರದೇಶಿ ಸಂತತಿ ಅದು, ಅಲ್ಲಿಯ ಕಾನೂನು ಅದಕ್ಕೆ ರಕ್ಷಣೆ ಕೊಟ್ಟಿಲ್ಲ. ನಮ್ಮ ಹಂದಿ ಇಲ್ಲಿಯ ಅಡವಿಗೇ ಸೇರಿದ್ದು.

ಕಾನೂನನ್ನು ಒಂದು ಕ್ಷಣ ಬದಿಗಿಟ್ಟು ಬಾಣದ ಕೆಲಸವನ್ನೇ ನೋಡೋಣ, ಏಕೆಂದರೆ ತಮ್ಮನಿಗೆ ಮನವರಿಕೆಯಾಗಬೇಕಾದದ್ದು ಇದೇ. ಗುಂಡಿನ ಏಟಿಗೆ ಇರುವ ಆಘಾತ ಬಾಣಕ್ಕಿಲ್ಲ. ಅಗಲವಾದ ಅಲಗು ಒಳಗಿನ ರಕ್ತನಾಳಗಳನ್ನು ಕೊಯ್ದು, ರಕ್ತ ಹರಿದುಹೋಗಿ ಪ್ರಾಣಿ ಸಾಯಬೇಕು. ಅದಕ್ಕೆ ಬಾಣ ಗುಂಡಿಗೆಗೋ ಶ್ವಾಸಕೋಶಕ್ಕೋ ತಗಲಲೇಬೇಕು, ಆದರೆ ಹಂದಿಯ ದೇಹದಲ್ಲಿ ಇವೆರಡೂ ನಾವು ಊಹಿಸುವುದಕ್ಕಿಂತ ಕೆಳಗೆ, ಮುಂಗಾಲಿನ ಸಂದಿಯಲ್ಲಿ ಅಡಗಿರುತ್ತವೆ. ಬಲಿತ ಗಂಡುಹಂದಿಯ ಭುಜದ ಮೇಲೆ ಚರ್ಮದಡಿಯಲ್ಲಿ ಗುರಾಣಿಯಂಥ ಗಟ್ಟಿಯಾದ ದಪ್ಪ ಪದರವಿರುತ್ತದೆ, ಗಂಡುಗಳು ತಮ್ಮತಮ್ಮಲ್ಲಿ ಕಾದಾಡುವಾಗ ಎದುರಾಳಿಯ ದಾಡೆಯಿಂದ ಕಾಪಾಡುವುದು ಅದೇ. ಒಳ್ಳೆಯ ಕಾಂಪೌಂಡ್ ಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 90 ಮೀಟರ್ ಓಡುತ್ತದೆ, ಶಬ್ದ 340 ಮೀಟರ್ ಓಡುತ್ತದೆ. ಎಂದರೆ 25 ಮೀಟರ್ ದೂರದಲ್ಲಿ ನಿಂತ ಹಂದಿಗೆ ಹೆದೆಯ ಸದ್ದು ಮೊದಲು ಕೇಳಿಸಿ, ಬಾಣ ಮುಟ್ಟುವಷ್ಟರಲ್ಲಿ ಅದು ಮೈ ತಿರುಗಿಸಿರುತ್ತದೆ. ಅದೂ ನಡುರಾತ್ರಿಯಲ್ಲಿ, ಆಳೆತ್ತರದ ಗೋವಿನಜೋಳದ ನಡುವೆ! ವಿಡಿಯೊದಲ್ಲಿ ಕಾಣುವುದು ಗುರಿ ತಾಗಿದ ಬಾಣ ಮಾತ್ರ, ಹೊಟ್ಟೆಗೆ ತಗುಲಿಸಿಕೊಂಡು ಓಡಿಹೋಗಿ ಎರಡು ದಿನ ನರಳಿ ಸಾಯುವ ಹಂದಿಯನ್ನು ಯಾರೂ ತೋರಿಸುವುದಿಲ್ಲ. ಜರ್ಮನಿಯಲ್ಲಿ ಹಂದಿ ಬೇಟೆಗೆ ಕಾನೂನಿನ ಒಪ್ಪಿಗೆ ಇದ್ದರೂ ಬಾಣಕ್ಕೆ ಇಲ್ಲವೆಂಬುದನ್ನು ತಮ್ಮನಿಗೆ ಹೇಳಿ.

ಬೆಳೆ ಹಾಳಾದ ಬೆಳಗ್ಗೆಯೇ ಫೋಟೊ ತೆಗೆದು, ಪಹಣಿಯ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ತಡಮಾಡಿದರೆ ಮುರಿದ ದಂಟು ಒಣಗಿ, ಸ್ಥಳ ಪರಿಶೀಲನೆಗೆ ಬಂದವರಿಗೆ ಏನೂ ಗೊತ್ತಾಗುವುದಿಲ್ಲ. ತಂತಿಬೇಲಿಗೆ ಮನೆಯ ಕರೆಂಟನ್ನು ಮಾತ್ರ ಎಂದಿಗೂ ಕೊಡಬೇಡಿ, ಅದರಿಂದ ದನಗಳೂ ಮನುಷ್ಯರೂ ಸಾಯುತ್ತಾರೆ. ಸೋಲಾರ್ ಬೇಲಿಯ ಯಂತ್ರ ಕ್ಷಣಮಾತ್ರದ ಪೆಟ್ಟು ಕೊಟ್ಟು ಬಿಡುತ್ತದೆ, ಕೊಲ್ಲುವುದಿಲ್ಲ. ಅದರ ಕೆಳಗಿನ ಎಳೆ ಹಂದಿಯ ಮೂತಿಯ ಮಟ್ಟಕ್ಕಿರಬೇಕು, ಹುಲ್ಲು ತಾಗದಂತೆ ಬದುವನ್ನು ಸವರುತ್ತಿರಬೇಕು.

ಪ್ರಶ್ನೆ: ಯಾರೋ ಹೊಡೆದ ಬಾಣ ಪಕ್ಕೆಯಲ್ಲಿ ಸಿಕ್ಕಿಕೊಂಡಿದ್ದ ದೊಡ್ಡ ಹಂದಿಯೊಂದು ನಿನ್ನೆ ಸಂಜೆ ನಮ್ಮ ಕಬ್ಬಿನ ಗದ್ದೆಗೆ ನುಗ್ಗಿತು. ನಾಲ್ಕು ದಿನದಲ್ಲಿ ಕಡಿಯುವ ಆಳುಗಳು ಬರುತ್ತಾರೆ. ಊರಿನ ಹುಡುಗರು ರಕ್ತದ ಜಾಡು ಹಿಡಿದು ಹೋಗಿ ನೋಡುತ್ತೇವೆ ಎನ್ನುತ್ತಿದ್ದಾರೆ.
– ಒಬ್ಬ ಓದುಗರು, ಹಾನಗಲ್ಲ ತಾಲೂಕು

ಉತ್ತರ: ನಿಮ್ಮ ಪತ್ರ ಕೈಸೇರಿದ ಕೂಡಲೇ ಫೋನಿನಲ್ಲಿ ತಿಳಿಸಿದ್ದನ್ನೇ, ಇಂಥ ಪ್ರಸಂಗ ಮತ್ತೆ ಯಾರಿಗಾದರೂ ಎದುರಾಗಬಹುದೆಂದು, ಇಲ್ಲಿ ವಿವರವಾಗಿ ಬರೆಯುತ್ತಿದ್ದೇವೆ. ಹುಡುಗರನ್ನು ಒಳಗೆ ಬಿಡಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ, ಹುಡುಕುವ ಕೆಲಸವನ್ನು ಸಿಬ್ಬಂದಿಗೆ ಒಪ್ಪಿಸಿ.

ಗಾಯಗೊಂಡ ಹಂದಿ ದಟ್ಟವಾದ ಮರೆಯನ್ನೂ ನೀರನ್ನೂ ಹುಡುಕಿಕೊಂಡು ಹೋಗುತ್ತದೆ, ಕಬ್ಬಿನ ಗದ್ದೆಯಲ್ಲಿ ಅದಕ್ಕೆ ಇವೆರಡೂ ಸಿಗುತ್ತವೆ. ಅನೇಕ ಸಲ ಅದು ತಾನು ಬಂದ ದಾರಿಯತ್ತಲೇ ಮುಖಮಾಡಿ ಮಲಗುತ್ತದೆ. ಕಣ್ಣು ಮಂದವಾದರೂ ಮೂಗು ಬಹಳ ಚುರುಕು. ನೀವು ಅದನ್ನು ಕಾಣುವುದು ನಾಲ್ಕು ಮಾರು ದೂರದಲ್ಲಿ, ಅದು ನಿಮ್ಮ ವಾಸನೆ ಹಿಡಿದಿರುವುದು ಎಷ್ಟೋ ಮೊದಲು. ಎರಗಿದಾಗ ದಾಡೆ ತಾಗುವುದು ತೊಡೆಗೆ, ತೊಡೆಯ ದೊಡ್ಡ ರಕ್ತನಾಳ ಹರಿದರೆ ಆಸ್ಪತ್ರೆ ಮುಟ್ಟುವಷ್ಟೂ ಸಮಯ ಸಿಗುವುದಿಲ್ಲ.

ಆದರೆ ಬದುವಿನ ಮೇಲೆ ನಿಂತೇ ನೀವು ಓದಬಹುದಾದ ಗುರುತುಗಳಿವೆ, ಅವು ಸಿಬ್ಬಂದಿಗೆ ಬಹಳ ನೆರವಾಗುತ್ತವೆ. ರಕ್ತ ತಿಳಿಗೆಂಪಾಗಿ ನೊರೆಗುಳ್ಳೆಗಳಿಂದ ಕೂಡಿದ್ದರೆ ಬಾಣ ಶ್ವಾಸಕೋಶಕ್ಕೆ ತಗಲಿದೆ, ಹಂದಿ ಹತ್ತಿರದಲ್ಲೇ ಸತ್ತುಬಿದ್ದಿರುವ ಸಂಭವ ಹೆಚ್ಚು. ಕಪ್ಪುಮಿಶ್ರಿತ ಕೆಂಪಾದರೆ ಯಕೃತ್ತಿನ ಗಾಯವಿರಬಹುದು. ಹಸಿರು ಕಸರು, ಅರೆಜೀರ್ಣವಾದ ಕಾಳು, ಸಗಣಿಯ ನಾತ ಕಂಡುಬಂದರೆ ಅದು ಹೊಟ್ಟೆಯ ಗಾಯ. ಅಂಥ ಹಂದಿ ಬಹಳ ಹೊತ್ತು ಬದುಕಿರುತ್ತದೆ ಮತ್ತು ಎಲ್ಲಕ್ಕಿಂತ ಅಪಾಯಕಾರಿ. ಇಲ್ಲಿ ಒಂದು ಮೋಸವಿದೆ: ಹಂದಿಯ ಕೊಬ್ಬು, ಒತ್ತಾದ ಕೂದಲು ಮತ್ತು ಮೈಗೆ ಮೆತ್ತಿದ ಕೆಸರು ಗಾಯದ ಬಾಯಿಯನ್ನು ಮುಚ್ಚಿಬಿಡುವುದರಿಂದ ದೊಡ್ಡ ಗಾಯವಾಗಿದ್ದರೂ ನೆಲಕ್ಕೆ ಹನಿ ಬೀಳದೆ ಹೋಗಬಹುದು. ಆದ್ದರಿಂದ ರಕ್ತ ನಿಂತಿತೆಂದು ಪ್ರಾಣಿ ಚೇತರಿಸಿಕೊಂಡಿತೆಂದು ತಿಳಿಯಬಾರದು. ಆಗ ಕಬ್ಬಿನ ರವದಿಯ (ಒಣಗರಿಯ) ಮೇಲೆ ಮೊಣಕಾಲೆತ್ತರದಲ್ಲಿ ಒರೆಸಿದಂಥ ಕಲೆಗಳಿವೆಯೇ ನೋಡಬೇಕು. ಹಸಿನೆಲದಲ್ಲಿ ಎರಡು ಗೊರಸುಗಳ ಹಿಂದೆ, ಎರಡೂ ಬದಿಗೆ, ಹಿಂಗೊರಸಿನ ಚಿಕ್ಕ ಗುರುತು ಮೂಡಿರುತ್ತದೆ, ಒಂದು ಕಾಲು ಎಳೆದಿದ್ದರೆ ಅಲ್ಲಿ ಗೀರು ಕಾಣುತ್ತದೆ. ಕೊನೆಯ ಗುರುತು ಕಂಡಲ್ಲಿ ಬಟ್ಟೆಯ ತುಂಡು ಕಟ್ಟಿ, ಒಳಹೊಕ್ಕ ಹೊತ್ತು ಮತ್ತು ದಿಕ್ಕನ್ನು ಬರೆದಿಡಿ.

ಸುತ್ತುಗಟ್ಟಿ ಹಲಗೆ ಬಾರಿಸುವುದು, ರವದಿಗೆ ಬೆಂಕಿ ಇಡುವುದು ಬೇಡವೇ ಬೇಡ. ಅಡವಿಯ ಕಡೆಯ ಬದಿಯನ್ನು ತೆರವಾಗಿ ಬಿಡಿ. ಸಿಬ್ಬಂದಿ ನೋಡಿ ಹೇಳುವತನಕ ಕಡಿತವನ್ನು ಮುಂದೂಡಿ, ಅಕ್ಕಪಕ್ಕದ ಹೊಲದವರಿಗೂ, ಮೇವಿಗೆ ಬರುವ ಹೆಣ್ಣುಮಕ್ಕಳಿಗೂ ಇಂದೇ ತಿಳಿಸಿ. ಯಾರಿಗಾದರೂ ಹಲ್ಲು ತಾಗಿದರೆ ರಕ್ತ ಸುರಿಯುತ್ತಿರುವ ಜಾಗವನ್ನು ಬಟ್ಟೆಯಿಂದ ಒತ್ತಿಹಿಡಿದು ಆಸ್ಪತ್ರೆಗೆ ಒಯ್ಯಬೇಕು. ಸಣ್ಣ ಗಾಯವಾದರೂ ಸೋಪು ನೀರಿನಿಂದ 15 ನಿಮಿಷ ತೊಳೆದು, ಧನುರ್ವಾಯು ಮತ್ತು ರೇಬಿಸ್ ಲಸಿಕೆಯ ಬಗ್ಗೆ ಅಂದೇ ವೈದ್ಯರನ್ನು ಕಾಣಬೇಕು. ಹಂದಿ ಸತ್ತು ಸಿಕ್ಕಿದರೆ ಅದು ಸರ್ಕಾರದ ಸ್ವತ್ತು, ಮಾಂಸ ಹಂಚಿಕೊಂಡವರೂ ಆರೋಪಿಗಳಾಗುತ್ತಾರೆ.

ಪ್ರಶ್ನೆ: ಗಾಯಗೊಂಡ ಹಂದಿಯ ಜಾಡು ಹಿಡಿಯಲು ನಮ್ಮ ಮುಧೋಳ ನಾಯಿ ಉಪಯೋಗಕ್ಕೆ ಬರುತ್ತದೆಯೇ?
– ಒಬ್ಬ ವಿದ್ಯಾರ್ಥಿ, ಮುಂಡರಗಿ

ಉತ್ತರ: ಇಲ್ಲ. ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ತಳಿ. ಬಯಲಿನಲ್ಲಿ ಓಡುವುದನ್ನು ಕಂಡು ಬೆನ್ನಟ್ಟಲು ಹುಟ್ಟಿದ್ದು, ನೆಲಕ್ಕೆ ಮೂಗು ಹಚ್ಚಿ ರಾತ್ರಿಯ ಹಳೆಯ ರಕ್ತವನ್ನು ಅನುಸರಿಸುವುದು ಅದರ ಸ್ವಭಾವಕ್ಕೆ ಒಗ್ಗಿದ ಕೆಲಸವಲ್ಲ. ಜರ್ಮನಿಯಲ್ಲಿ ಈ ಕೆಲಸಕ್ಕೆಂದೇ ಹಾನೋವರ್ ಎಂಬ ವಾಸನೆ ಹಿಡಿಯುವ ತಳಿಯನ್ನು ಬೆಳೆಸಿದ್ದಾರೆ, ಅದನ್ನು ಉದ್ದನೆಯ ಹಗ್ಗದಲ್ಲಿ ಹಿಡಿದೇ ನಡೆಸುತ್ತಾರೆ. ಹಂದಿಗೆ ಎದುರಾದ ನಾಯಿಯ ಗತಿ ಏನೆಂಬುದಕ್ಕೆ ನಮ್ಮಲ್ಲೇ ಕಲ್ಲಿನ ಸಾಕ್ಷಿಯಿದೆ. ಕ್ರಿ.ಶ. 949-50ರ ಆತಕೂರು ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯೂ ಕಾಡುಹಂದಿಯೂ ಸೆಣಸಿ ಎರಡೂ ಸತ್ತ ಸಂಗತಿ ಕೆತ್ತಿದೆ. ನೀವಿರುವ ಮುಂಡರಗಿಯ ಮಗ್ಗುಲಿನ ಕಪ್ಪತಗುಡ್ಡ 2019ರಿಂದ ವನ್ಯಜೀವಿಧಾಮವಾಗಿದೆ. ಅದರ ಗಡಿಯೊಳಗೆ ಹಂದಿಯ ಹಿಂದೆ ನಾಯಿ ಬಿಟ್ಟರೆ ಅದೇ ಒಂದು ಅಪರಾಧ, ನಾಯಿಯನ್ನು ಹೊಲದ ಕಾವಲಿಗೆ ಇಟ್ಟುಕೊಳ್ಳಿ.