66 ಸರಿಯೇ 73 ಸರಿಯೇ: ಮದುವೆಗೆ ಮೊದಲು ‘ಮೂಲ ಬೈಬಲ್’ ಯಾವುದೆಂದು ಇತ್ಯರ್ಥ ಮಾಡಿಕೊಳ್ಳಬೇಕೆ?

ನೀವು ಪ್ರಾಟೆಸ್ಟೆಂಟ್, ನೀವು ಮದುವೆಯಾಗಲಿರುವವರು ಕ್ಯಾಥೊಲಿಕ್; ನಿಮ್ಮ ಮನೆಯ ಸತ್ಯವೇದದಲ್ಲಿ 66 ಪುಸ್ತಕಗಳಿವೆ, ಅವರ ಮನೆಯ ಬೈಬಲಿನಲ್ಲಿ 73. ಮೂಲ ಯಾವುದು, ಮದುವೆಗೆ ಮೊದಲೇ ಅವರ ಮನೆಯವರೊಡನೆ ಇದನ್ನು ಇತ್ಯರ್ಥ ಮಾಡಿಕೊಳ್ಳುವುದು ಒಳ್ಳೆಯದಲ್ಲವೇ ಎಂದು ಕೇಳಿದ್ದೀರಿ. 17 ವರ್ಷಗಳ ಹಿಂದೆ ನಾನೂ ಹಾಗೆಯೇ ಅಂದುಕೊಂಡು, ಇತ್ಯರ್ಥ ಮಾಡಲು ಹೋದೆ.

ನಾನು ಸಿ.ಎಸ್.ಐ. ಎಂಬ ಪ್ರಾಟೆಸ್ಟೆಂಟ್ ಸಭೆಯಲ್ಲಿ ಬೆಳೆದವನು. ಆದಿಕಾಂಡದಿಂದ ಪ್ರಕಟನೆಯವರೆಗಿನ 66 ಹೆಸರುಗಳನ್ನು ಎಂಟನೆಯ ವಯಸ್ಸಿಗೇ ಬಾಯಿಪಾಠ ಮಾಡಿದ್ದೆ. ದೊಡ್ಡವನಾದ ಮೇಲೆ ಸಂಡೇ ಸ್ಕೂಲಿನ ಮಕ್ಕಳಿಗೆ ಅದನ್ನೇ ಕಲಿಸುತ್ತಿದ್ದೆ. ನನ್ನ ಮಾವನವರು ಹಾಸನ ಜಿಲ್ಲೆಯವರು, ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು, ಪ್ರತಿ ರಾತ್ರಿ ಊಟಕ್ಕೆ ಮೊದಲು ಮನೆಯವರನ್ನೆಲ್ಲ ಕೂರಿಸಿಕೊಂಡು ಒಂದು ಅಧ್ಯಾಯ ಓದುತ್ತಿದ್ದವರು. ಮದುವೆಗೆ ಮೂರು ವಾರ ಉಳಿದಿದ್ದಾಗ, ಮದುವೆಯ ಬಲಿಪೂಜೆಯಲ್ಲಿ, ಅಂದರೆ ಚರ್ಚಿನ ಆರಾಧನೆಯಲ್ಲಿ, ಓದಬೇಕಾದ ಬೈಬಲ್ ಭಾಗಗಳನ್ನು ಆರಿಸಲು ಅವರು ನನ್ನನ್ನು ಕರೆಸಿದರು. ಒಂದು ಹಳೆಯ ಬಸ್ ಟಿಕೆಟನ್ನು ಗುರುತಾಗಿ ಇಟ್ಟಿದ್ದ ಪುಟವನ್ನು ತೆರೆದು ನನ್ನ ಮುಂದಿಟ್ಟರು. ಅದು ತೋಬಿತನ ಪುಸ್ತಕದ 8ನೆಯ ಅಧ್ಯಾಯ, ಮದುವೆಯ ರಾತ್ರಿ ತೋಬಿಯ ಮತ್ತು ಸಾರಾ ಒಟ್ಟಿಗೆ ಮಾಡುವ ಪ್ರಾರ್ಥನೆ. “ನಮ್ಮ ಮದುವೆಯಲ್ಲೂ ಇದನ್ನೇ ಓದಿದ್ದರಪ್ಪ” ಎಂದರು.

ನಾನು ಸಿದ್ಧನಾಗಿಯೇ ಹೋಗಿದ್ದೆ. ಅಂಗಿಯ ಜೇಬಿನಲ್ಲಿ ಎರಡು ಹಾಳೆಗಳ ಟಿಪ್ಪಣಿಯಿತ್ತು. ಕ್ಯಾಥೊಲಿಕರ ಟ್ರೆಂಟ್ ಮಹಾಸಭೆಯು 1546ರ ಏಪ್ರಿಲ್ 8ರಂದು ಹೊರಡಿಸಿದ ಪಟ್ಟಿಯಲ್ಲಿ, ನಮ್ಮ 66ರಲ್ಲಿ ಇಲ್ಲದ, ತೋಬಿತನೂ ಸೇರಿದ ಈ ಏಳು ಪುಸ್ತಕಗಳ ಹೆಸರಿವೆ, ಆದ್ದರಿಂದ ಇವು ಆಗ ಸೇರಿಸಿದ ಪುಸ್ತಕಗಳು, ದೇವರ ವಾಕ್ಯವಲ್ಲದ್ದನ್ನು ನನ್ನ ಮದುವೆಯಲ್ಲಿ ಓದಿಸಲು ನನಗೆ ಮನಸ್ಸಿಲ್ಲ ಎಂದು, ಅತ್ತೆಯವರೂ ಇಬ್ಬರು ಹಿರಿಯರೂ ಕುಳಿತಿದ್ದ ಆ ಪಡಸಾಲೆಯಲ್ಲಿ, ಹಾಳೆ ನೋಡಿಕೊಂಡು ಹೇಳಿದೆ. ಮಾವನವರು ಪೂರ್ತಿ ಕೇಳಿದರು. “ಖಾತೆ ಮಾಡಿಸಿದ ವರ್ಷಕ್ಕೂ ಹೊಲ ಹುಟ್ಟಿದ ವರ್ಷಕ್ಕೂ ಸಂಬಂಧವಿಲ್ಲಪ್ಪ” ಎಂದಷ್ಟೇ ಹೇಳಿ, ಪುಟದ ನಡುವಿನಿಂದ ಬಸ್ ಟಿಕೆಟನ್ನು ತೆಗೆದು ಜೇಬಿಗೆ ಹಾಕಿಕೊಂಡು ಪುಸ್ತಕ ಮುಚ್ಚಿದರು. ಮದುವೆಯಲ್ಲಿ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 13ನೆಯ ಅಧ್ಯಾಯವನ್ನು ಓದಿದರು. ಅದು ಎರಡೂ ಮನೆಯ ಬೈಬಲಿನಲ್ಲಿದೆಯೆಂದು ನಾನು ಸಮಾಧಾನಪಟ್ಟೆ.

ಆಮೇಲೆ ಐದು ವರ್ಷ ಅವರು ನನ್ನೊಡನೆ ಮಳೆಯ ಬಗ್ಗೆ, ಕಾಫಿಯ ಬೆಲೆಯ ಬಗ್ಗೆ, ನನ್ನ ಕೆಲಸದ ಬಗ್ಗೆ ಪ್ರೀತಿಯಿಂದಲೇ ಮಾತನಾಡಿದರು. ಆದರೆ ನಾವು ಊರಿಗೆ ಹೋದ ದಿನಗಳಲ್ಲಿ ರಾತ್ರಿಯ ಓದು ನಿಂತುಬಿಡುತ್ತಿತ್ತು. ಅಳಿಯನ ಮುಂದೆ ಓದಿ ಅವನಿಗೆ ಮುಜುಗರ ಮಾಡುವುದು ಬೇಡವೆಂದು ಅವರೇ ನಿಲ್ಲಿಸಿದ್ದರೆಂದು ನನ್ನ ಹೆಂಡತಿ ಎಷ್ಟೋ ದಿನಗಳ ಮೇಲೆ ಹೇಳಿದಳು.

ನನ್ನ ತಪ್ಪು ನಿಖರವಾಗಿ ಏನೆಂಬುದನ್ನು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯೊಳಗೂ ಅದೇ ತಪ್ಪು ಕುಳಿತಿದೆ. ನಾನು ಪಟ್ಟಿಯ ತಾರೀಖನ್ನು ಪುಸ್ತಕದ ತಾರೀಖು ಎಂದು ಓದಿಕೊಂಡೆ. ಒಂದು ಪುಸ್ತಕವನ್ನು ಬರೆಯುವುದು ಒಂದು ಕಾಲ. ಜನ ಅದನ್ನು ಕೂಡಿದ ಸಭೆಯಲ್ಲಿ ಓದತೊಡಗುವುದು ಇನ್ನೊಂದು ಕಾಲ. ‘ಇವು ನಮ್ಮ ಪುಸ್ತಕಗಳು’ ಎಂದು ಪಟ್ಟಿ ಮಾಡುವುದು ಮೂರನೆಯ ಕಾಲ. ಈ ಮೂರರ ನಡುವೆ ನೂರಾರು ವರ್ಷಗಳ ಅಂತರವಿರಬಹುದು. ಪಟ್ಟಿ ಸಾಮಾನ್ಯವಾಗಿ ಜಗಳ ಬಂದಾಗಲೇ ಹುಟ್ಟುತ್ತದೆ. ಟ್ರೆಂಟ್‌ನ ಪಟ್ಟಿ ಹುಟ್ಟಿದ್ದು, ಪ್ರಾಟೆಸ್ಟೆಂಟ್ ಸಭೆಗಳಿಗೆ ದಾರಿ ಮಾಡಿದ ಲೂಥರನ ಸುಧಾರಣೆಗೆ ಉತ್ತರವಾಗಿ. 12ನೆಯ ಶತಮಾನದ ವಚನಗಳನ್ನು 15ನೆಯ ಶತಮಾನದಲ್ಲಿ ಕಟ್ಟುಕಟ್ಟಾಗಿ ಸಂಕಲಿಸಿದರು; ಅಷ್ಟರಿಂದ ಬಸವಣ್ಣನವರ ವಚನ 15ನೆಯ ಶತಮಾನದ್ದಾಯಿತೆಂದು ನಾವ್ಯಾರೂ ಹೇಳುವುದಿಲ್ಲ. ಬೈಬಲಿನ ವಿಷಯದಲ್ಲಿ ಮಾತ್ರ ನಾನು ಅದನ್ನೇ ಹೇಳಿದ್ದೆ.

ಹಾಗೆ ಹೇಳಲು ಕಾರಣವಾದದ್ದು ಆ ದಪ್ಪ ರಟ್ಟಿನ ಒಂದೇ ಸಂಪುಟ. ಹುಟ್ಟಿದಾಗಿನಿಂದ ಅದನ್ನು ಒಂದೇ ಹೊಲಿಗೆಯಲ್ಲಿ ನೋಡಿದವನಿಗೆ ಪರಿವಿಡಿಯೂ ಬರೆದವರೇ ಕೊಟ್ಟದ್ದೆಂದು ತೋರುತ್ತದೆ. ಆದರೆ ಇವು ಮೊದಲು ಬಿಡಿಬಿಡಿ ಸುರುಳಿಗಳಾಗಿದ್ದವು. ಮೃತ ಸಮುದ್ರದ ದಡದ ಕುಮ್ರಾನಿನ ಗುಹೆಯಲ್ಲಿ 1947ರಲ್ಲಿ ಸಿಕ್ಕ ಯೆಶಾಯನ ಸುರುಳಿಯೊಂದೇ ಏಳು ಮೀಟರಿಗಿಂತ ಉದ್ದವಾಗಿದೆ. ಅಂಥ ಸುರುಳಿಗಳನ್ನು ಗಡಿಗೆಯಲ್ಲೋ ಪೆಟ್ಟಿಗೆಯಲ್ಲೋ ಇಡುವಾಗ ‘ಯಾವುದರ ನಂತರ ಯಾವುದು’ ಎಂಬ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ. ಹಾಳೆಗಳನ್ನು ಮಡಿಸಿ ಹೊಲಿದ ದೊಡ್ಡ ಪುಸ್ತಕಗಳು ಬಂದ ಮೇಲೆ ಯಾರೋ ಒಂದು ಕ್ರಮವನ್ನು ಆರಿಸಲೇಬೇಕಾಯಿತು, ಮತ್ತು ಬೇರೆ ಬೇರೆಯವರು ಬೇರೆ ಬೇರೆ ಕ್ರಮವನ್ನು ಆರಿಸಿದರು. ಸಿನಾಯ್ ಹಸ್ತಪ್ರತಿ ಎಂಬ 4ನೆಯ ಶತಮಾನದ ಗ್ರೀಕ್ ಬೈಬಲಿನಲ್ಲಿ ತೋಬಿತನೂ ಇದ್ದಾನೆ, ಹೊಸ ಒಡಂಬಡಿಕೆಯ ಕೊನೆಯಲ್ಲಿ ಇಂದು ನಿಮ್ಮಲ್ಲಿಯೂ ಅವರಲ್ಲಿಯೂ ಇಲ್ಲದ ಬಾರ್ನಬನ ಪತ್ರಿಕೆಯೂ ಇದೆ.

ಕ್ರಮದ ಬಗ್ಗೆ ನೀವು ಮಾತಿನ ನಡುವೆ ಕೇಳಿರುವ ಉಪಪ್ರಶ್ನೆಗೂ ಇಲ್ಲೇ ಉತ್ತರವಿದೆ: ಮೊದಲ ಪುಟದಿಂದ ಓದಿದರೆ ಬರೆದ ಕಾಲಕ್ರಮ ನಿಮಗೆ ಸಿಗುವುದಿಲ್ಲ. ಹಳೆಯ ಒಡಂಬಡಿಕೆಯನ್ನು ನಾವು ಧರ್ಮಶಾಸ್ತ್ರ, ಚರಿತ್ರೆ, ಕಾವ್ಯ, ಪ್ರವಾದನೆ ಎಂದು ಬಗೆಬಗೆಯಾಗಿ ಜೋಡಿಸಿದ್ದೇವೆ. ಯೆಹೂದ್ಯರು ಇದೇ 39 ಪುಸ್ತಕಗಳನ್ನು 24 ಎಂದು ಎಣಿಸಿ, ಧರ್ಮಶಾಸ್ತ್ರ, ಪ್ರವಾದಿಗಳು, ಇತರ ಬರಹಗಳು ಎಂದು ಮೂರು ಭಾಗ ಮಾಡುತ್ತಾರೆ. ಹೋಶೇಯನಿಂದ ಮಲಾಕಿಯನವರೆಗಿನ ಹನ್ನೆರಡು ಮಂದಿ ಅವರಿಗೆ ಒಂದೇ ಪುಸ್ತಕ. ಅವರ ಅಚ್ಚಿನ ಪ್ರತಿಗಳು ಪೂರ್ವಕಾಲವೃತ್ತಾಂತದಲ್ಲಿ, ಸೆರೆಯಲ್ಲಿದ್ದವರು ಯೆರೂಸಲೇಮಿಗೆ ಹೊರಡಲಿ ಎಂಬ ಪಾರಸಿಯ ಅರಸ ಕೋರೆಷನ ಅಪ್ಪಣೆಯೊಂದಿಗೆ ಮುಗಿಯುತ್ತವೆ. ನಮ್ಮದು ಎಲೀಯನು ಬರುವನೆಂಬ ಮಲಾಕಿಯನ ಮಾತಿನೊಂದಿಗೆ ಮುಗಿದು, ಪುಟ ತಿರುವಿದರೆ ಮತ್ತಾಯ. ಅವೇ ಪುಸ್ತಕಗಳು, ಆದರೆ ಕೊನೆಯಲ್ಲಿ ಓದುಗ ನೋಡುವ ದಿಕ್ಕೇ ಬೇರೆ. ತೆಕೋವದ ಕುರುಬ ಆಮೋಸ ಯೆರೆಮೀಯನಿಗಿಂತ ಸುಮಾರು ನೂರೈವತ್ತು ವರ್ಷ ಹಿಂದಿನವನು, ಆದರೂ ಅವನ ಪುಸ್ತಕ ಚಿಕ್ಕದೆಂದು ಹಿಂದೆ ಬಿದ್ದಿದೆ. ಪೌಲನ ಪತ್ರಿಕೆಗಳೂ ಹಾಗೆಯೇ, ಸಭೆಗಳಿಗೆ ಬರೆದವು ಮೊದಲು, ವ್ಯಕ್ತಿಗಳಿಗೆ ಬರೆದವು ಆಮೇಲೆ, ಆಯಾ ಗುಂಪಿನೊಳಗೆ ಹೆಚ್ಚುಕಡಿಮೆ ಉದ್ದದಿಂದ ಗಿಡ್ಡಕ್ಕೆ; ಅದರಿಂದಲೇ 16 ಅಧ್ಯಾಯದ ರೋಮಾಪುರದ ಪತ್ರಿಕೆ ಮುಂದಿದೆ, 25 ವಚನಗಳ ಫಿಲೆಮೋನನ ಪತ್ರಿಕೆ ತುದಿಯಲ್ಲಿದೆ. ಹೊಸ ಒಡಂಬಡಿಕೆಯಲ್ಲಿ ಎಲ್ಲಕ್ಕಿಂತ ಮೊದಲು ಬರೆದದ್ದೆಂದು ಬಹುತೇಕ ವಿದ್ವಾಂಸರು ಒಪ್ಪುವುದು ಕ್ರಿ.ಶ. 50ರ ಸುಮಾರಿನ ಥೆಸಲೋನಿಕದ ಮೊದಲನೆಯ ಪತ್ರಿಕೆಯನ್ನು. ಮೊದಲ ಪುಟದಲ್ಲಿರುವ ಮತ್ತಾಯನ ಸುವಾರ್ತೆ ಅದಕ್ಕಿಂತ ಎಷ್ಟೋ ವರ್ಷ ಈಚಿನದು. ಅಧ್ಯಾಯಗಳ ಅಂಕಿ 13ನೆಯ ಶತಮಾನದ್ದು. ಹೊಸ ಒಡಂಬಡಿಕೆಯಲ್ಲಿ ಇಂದು ನಾವು ಬಳಸುವ ವಚನಗಳ ಅಂಕಿಯನ್ನು ರೊಬೆರ್ ಎಸ್ತಿಯೆನ್ ಎಂಬ ಮುದ್ರಕ 1551ರಲ್ಲಿ ಹಾಕಿದ.

ತೋಬಿತನ ವಿಷಯ ನನಗೆ ತಿಳಿದದ್ದು ಮದುವೆಯಾದ ಐದನೆಯ ವರ್ಷ. ಮಕ್ಕಳಿಗೆ ಕುಮ್ರಾನಿನ ಗುಹೆಗಳ ಬಗ್ಗೆ ಪಾಠ ಮಾಡಬೇಕೆಂದು ಓದುತ್ತಿದ್ದಾಗ, 1952ರಲ್ಲಿ ಸಿಕ್ಕ ನಾಲ್ಕನೆಯ ಗುಹೆಯ ಚೂರುಗಳಲ್ಲಿ ತೋಬಿತನ ಐದು ಪ್ರತಿಗಳ ತುಣುಕುಗಳಿವೆ, ನಾಲ್ಕು ಅರಮಾಯ ಭಾಷೆಯಲ್ಲಿ, ಒಂದು ಇಬ್ರಿಯದಲ್ಲಿ ಎಂಬ ಸಾಲು ಕಣ್ಣಿಗೆ ಬಿತ್ತು. ಅಂದರೆ ಯೇಸು ಹುಟ್ಟಿದ ಆಸುಪಾಸಿನ ಕಾಲದಲ್ಲೇ ಯೆಹೂದ್ಯರು ಕೈಯಿಂದ ಕೈಗೆ ನಕಲು ಮಾಡುತ್ತಿದ್ದ ಪುಸ್ತಕವನ್ನು ನಾನು 1546ರ ಸೇರ್ಪಡೆ ಎಂದಿದ್ದೆ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಮೇಲೆ ಹುಡುಕಿದಷ್ಟೂ ಸಿಕ್ಕಿತು. ಹಿಪ್ಪೋದಲ್ಲಿ 393ರಲ್ಲಿಯೂ ಕಾರ್ಥೇಜಿನಲ್ಲಿ 397ರಲ್ಲಿಯೂ ಸೇರಿದ ಆಫ್ರಿಕದ ಬಿಷಪರ ಪಟ್ಟಿಯಲ್ಲಿ ತೋಬಿತ, ಯೂದಿತ, ಮಕ್ಕಬಿಯರ ಪುಸ್ತಕಗಳಿವೆ. ಬೈಬಲನ್ನು ಲತೀನಿಗೆ ತಂದ ಪ್ರಾಚೀನ ವಿದ್ವಾಂಸ, ಈ ಪುಸ್ತಕಗಳ ಬಗ್ಗೆ ಸಂದೇಹವಿದ್ದ ಜೆರೋಮನೂ ಬಿಷಪರ ಕೋರಿಕೆಗೆ ಮಣಿದು, ಅರಮಾಯ ಬಲ್ಲವನೊಬ್ಬ ಇಬ್ರಿಯದಲ್ಲಿ ಹೇಳುತ್ತಿರಲು, ತಾನು ಅದನ್ನು ಲತೀನಿನಲ್ಲಿ ಲಿಪಿಕಾರನಿಂದ ಬರೆಸುತ್ತ, ತೋಬಿತನನ್ನು ಒಂದೇ ದಿನದಲ್ಲಿ ಅನುವಾದಿಸಿದ. ಹಾಗೆಂದು 73 ಗೆದ್ದಿತೆಂದು ತಿಳಿಯಬೇಡಿ. ಜೆರೋಮನ ಸಂದೇಹವೂ ಹಳೆಯದೇ; ಯೆಹೂದ್ಯರ ಪಟ್ಟಿಯಲ್ಲಿಲ್ಲದ್ದನ್ನು ಪ್ರತ್ಯೇಕವಾಗಿಡಬೇಕೆಂಬ ಮಾತನ್ನು ಪ್ರಾಟೆಸ್ಟೆಂಟರು ಹೊಸದಾಗಿ ಹುಟ್ಟಿಸಲಿಲ್ಲ. ಅಲೆಕ್ಸಾಂಡ್ರಿಯದ ಬಿಷಪ್ ಅಥನಾಸಿಯಸ್ 367ರಲ್ಲಿ ಬರೆದ ಪತ್ರದಲ್ಲಿ ಹೊಸ ಒಡಂಬಡಿಕೆಯ 27 ಪುಸ್ತಕಗಳನ್ನು ನಾವು ಇಂದು ಎಣಿಸುವಂತೆಯೇ ಎಣಿಸುತ್ತಾನೆ. ಹಳೆಯ ಒಡಂಬಡಿಕೆಗೆ ಬಂದಾಗ ಬಾರೂಕನನ್ನು ಒಳಗಿಡುತ್ತಾನೆ, ಎಸ್ತೇರಳನ್ನು ಹೊರಗಿಡುತ್ತಾನೆ, ತೋಬಿತನನ್ನು ‘ಹೊಸದಾಗಿ ಸೇರುವವರು ಓದಬೇಕಾದ’ ಪುಸ್ತಕಗಳ ಸಾಲಿಗೆ ಹಾಕುತ್ತಾನೆ. ಅವನ ಲೆಕ್ಕ ನಿಮ್ಮ 66ಕ್ಕೂ ಹೊಂದುವುದಿಲ್ಲ, ಅವರ 73ಕ್ಕೂ ಹೊಂದುವುದಿಲ್ಲ. ಇಥಿಯೋಪಿಯದ ಸಭೆ ಇಂದಿಗೂ 81 ಎನ್ನುತ್ತದೆ. ನಿಕೇಯದಲ್ಲಿ 325ರಲ್ಲಿ ಸೇರಿದ ಬಿಷಪರ ಸಭೆಯಲ್ಲಿ ರೋಮಿನ ಚಕ್ರವರ್ತಿ ಕೂತು ಪುಸ್ತಕಗಳನ್ನು ಆರಿಸಿದನೆಂದು ನಿಮಗೆ ಯಾರಾದರೂ ಹೇಳಿದರೆ ನಂಬಬೇಡಿ, ಆ ಸಭೆ ಪುಸ್ತಕಗಳ ಪಟ್ಟಿಯನ್ನು ಮಾಡಲೇ ಇಲ್ಲ.

ನಮ್ಮ ಕಡೆಯ ಕಥೆಯನ್ನೂ ನಾನು ಅರ್ಧಂಬರ್ಧ ತಿಳಿದಿದ್ದೆ. ಲೂಥರ್ 1534ರ ತನ್ನ ಜರ್ಮನ್ ಬೈಬಲಿನಲ್ಲಿ ಈ ಪುಸ್ತಕಗಳನ್ನು ಕಿತ್ತುಹಾಕಲಿಲ್ಲ. ಶಾಸ್ತ್ರಕ್ಕೆ ಸಮವಲ್ಲದಿದ್ದರೂ ಓದಲು ಒಳ್ಳೆಯವು ಎಂದು ಎರಡು ಒಡಂಬಡಿಕೆಗಳ ನಡುವೆ ಇಟ್ಟ. ಇಂಗ್ಲಿಷಿನ 1611ರ ಕಿಂಗ್ ಜೇಮ್ಸ್ ಬೈಬಲಿನಲ್ಲಿಯೂ ಅವು ಹಾಗೆಯೇ ನಡುವೆ ಇದ್ದವು. ಇವುಗಳ ಮುದ್ರಣಕ್ಕೆ ಹಣ ಕೊಡುವುದಿಲ್ಲವೆಂದು ಬ್ರಿಟಿಷ್ ಮತ್ತು ವಿದೇಶಿ ಬೈಬಲ್ ಸೊಸೈಟಿ 1826ರಲ್ಲಿ ತೀರ್ಮಾನಿಸಿತು. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರು ಸಿದ್ಧಪಡಿಸಿದ ಪೂರ್ಣ ಕನ್ನಡ ಬೈಬಲ್ ಅಚ್ಚಾದದ್ದು ಅದಾದ ಕೆಲವೇ ವರ್ಷಗಳ ಮೇಲೆ. ನನ್ನ ಅಜ್ಜ ಮುತ್ತಜ್ಜಂದಿರ ಕೈಗೆ ಬಂದದ್ದು 66 ಪುಸ್ತಕಗಳ ಸಂಪುಟ. ಅದಕ್ಕಿಂತ ಬೇರೆಯದನ್ನು ಕಾಣದ ನಾನು ಅದನ್ನೇ ಅನಾದಿ ಎಂದುಕೊಂಡೆ.

ಮುಂದಿನ ಶನಿವಾರವೇ ಊರಿಗೆ ಹೋಗಿ ಮಾವನವರಿಗೆ ಎಲ್ಲವನ್ನೂ ಹೇಳಿ ಕ್ಷಮೆ ಕೇಳಿದೆ. ಅವರಿಗೆ ಬಹಳ ಸಂತೋಷವಾಯಿತು. ಆ ತುಣುಕುಗಳು ಎಷ್ಟು ದೊಡ್ಡವು, ಚರ್ಮದ ಮೇಲೆ ಬರೆದವೇ ಕಾಗದದ ಮೇಲೆ ಬರೆದವೇ ಎಂದು ದಾಖಲೆ ಕೊಠಡಿಯ ಮನುಷ್ಯನಂತೆ ಕೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಆವತ್ತು ಓದಿಸಬಹುದಿತ್ತು, ಅಲ್ಲವೇನಪ್ಪ?” ಎಂದರು. ಅವರು ಚುಚ್ಚಲು ಕೇಳಿದ್ದಲ್ಲ, ಅವರಿಗೆ ಅದು ನಿಜವಾಗಿಯೂ ತಿಳಿಯಬೇಕಿತ್ತು. ಹೌದು ಎಂದೆ. ಅಂದು ರಾತ್ರಿ ಐದು ವರ್ಷಗಳ ಮೇಲೆ ಅವರು ನನ್ನ ಮುಂದೆ ಓದಿದರು.

ಆದ್ದರಿಂದ ನನ್ನ ಅಭಿಪ್ರಾಯ ಖಚಿತವಾಗಿದೆ. ‘ಮೂಲ ಬೈಬಲ್’ ಎಂಬ ಒಂದು ಸಂಪುಟ ಎಲ್ಲೋ ಇತ್ತು, ಒಬ್ಬರು ಅದಕ್ಕೆ ಸೇರಿಸಿದರು ಇಲ್ಲವೇ ಇನ್ನೊಬ್ಬರು ಅದರಿಂದ ಕಿತ್ತರು ಎಂಬ ನಿಮ್ಮ ಪ್ರಶ್ನೆಯ ತಳಹದಿಯೇ ಸರಿಯಿಲ್ಲ. ಆ ಪುಸ್ತಕಗಳನ್ನು ದೇವರ ವಾಕ್ಯವೆಂದು ನೀವು ಒಪ್ಪಬೇಕೆಂದು ನಾನು ಹೇಳುತ್ತಿಲ್ಲ. ಸಿದ್ಧಾಂತಕ್ಕೆ ಆಧಾರವಾಗಿ ನಾನು ಇಂದಿಗೂ 66ನ್ನೇ ಹಿಡಿದಿದ್ದೇನೆ. ಅದು ನಂಬಿಕೆಯ ಪ್ರಶ್ನೆ, ಯಾರು ಯಾವಾಗ ಬರೆದರೆಂಬುದು ಚರಿತ್ರೆಯ ಪ್ರಶ್ನೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದುಕೊಂಡು ಬೀಗರ ಮನೆಗೆ ಹೋಗಬೇಡಿ. ಏಳು ಪುಸ್ತಕಗಳೂ ಇರುವ ಕನ್ನಡ ಬೈಬಲನ್ನು ಕೊಂಡು, ವಾದಿಸುವ ಮೊದಲು ಅವುಗಳನ್ನು ಓದಿ. ನಾನು ಆ ಸಂಜೆ ತೋಬಿತನ ಒಂದು ಪುಟವನ್ನೂ ಓದದೆ ಮಾತನಾಡಿದ್ದೆ. ತೋಬಿತನಲ್ಲಿ ಇರುವುದು 14 ಅಧ್ಯಾಯಗಳು, ಒಂದು ಸಂಜೆಗೆ ಮುಗಿಯುತ್ತದೆ.

ನಿಮ್ಮ ಮದುವೆಗೂ ಅವರು 8ನೆಯ ಅಧ್ಯಾಯವನ್ನೇ ಆರಿಸುವ ಸಾಧ್ಯತೆ ಸಾಕಷ್ಟಿದೆ, ಕ್ಯಾಥೊಲಿಕ್ ಮದುವೆಗಳಲ್ಲಿ ಅದು ರೂಢಿಯಲ್ಲಿರುವ ವಾಚನ. ಆ ಪ್ರಾರ್ಥನೆಯ ನಡುವೆ ನಿಮಗೆ ಬಾಲ್ಯದಿಂದ ಗೊತ್ತಿರುವ ಆದಿಕಾಂಡದ ಮಾತೇ ಬರುತ್ತದೆ, ಮನುಷ್ಯನು ಒಂಟಿಯಾಗಿರುವುದು ಒಳ್ಳೆಯದಲ್ಲವೆಂಬ ಮಾತು. ಕೊನೆಯಲ್ಲಿ ಇಬ್ಬರೂ ಕೂಡಿ ‘ಆಮೆನ್, ಆಮೆನ್’ ಎನ್ನುತ್ತಾರೆ. ಅದನ್ನು ನಿಮ್ಮ ಕಡೆಯವರಲ್ಲಿ ಒಬ್ಬರು, ಅಕ್ಕನೋ ತಂಗಿಯೋ ಇದ್ದರೆ ಅವರೇ, ಓದಬಹುದೇ ಎಂದು ಹುಡುಗಿಯ ತಂದೆಯನ್ನು ಈ ವಾರವೇ ಕೇಳಿ.