ಎಂಎ ಸೈಕಾಲಜಿಯಲ್ಲಿ ಕ್ಲಿನಿಕಲ್ ಒಂದಕ್ಕೇ ಬೆಲೆಯಾ?

ಚಿತ್ರದುರ್ಗದಲ್ಲಿ ಬಿಎ ಮುಗಿಸಿದ್ದೀರಿ, ಎಂಎ ಸೈಕಾಲಜಿ ಮಾಡಬೇಕು. ಕ್ಲಿನಿಕಲ್, ಕೌನ್ಸೆಲಿಂಗ್, ಇಂಡಸ್ಟ್ರಿಯಲ್, ಎಜುಕೇಶನಲ್ ಅಂತ ಹೆಸರುಗಳನ್ನು ನೋಡಿ ಗೊಂದಲ ಆಗಿದೆ, ಕ್ಲಿನಿಕಲ್ ಬಿಟ್ಟು ಬೇರೆಯದಕ್ಕೆ ಬೆಲೆ ಇಲ್ಲ ಅನ್ನೋದು ನಿಜವಾ ಅಂತ ಕೇಳಿದ್ದೀರಿ. ನಿಜ ಅಲ್ಲ. ನಾನು ದಾವಣಗೆರೆಯಲ್ಲಿ ಒಂಬತ್ತು ವರ್ಷದಿಂದ ಹೈಸ್ಕೂಲು, ಪಿಯು ಮಕ್ಕಳಿಗೆ ಆಪ್ತ ಸಮಾಲೋಚಕಿ. ನಾನೂ ನಿಮ್ಮ ಹಾಗೇ ಕ್ಲಿನಿಕಲ್ ಆಸೆ ಇಟ್ಟುಕೊಂಡೇ ಎಂಎಗೆ ಹೋದವಳು.

ಮೊದಲು ಕ್ಲಿನಿಕಲ್, ಅಂದರೆ ಮಾನಸಿಕ ಕಾಯಿಲೆ ಗುರುತಿಸಿ ಚಿಕಿತ್ಸೆ ಕೊಡುವ ವಿಭಾಗದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಜನ ಜಾಸ್ತಿ ಮೋಸ ಹೋಗೋದು ಇಲ್ಲೇ. ಅಂಕಪಟ್ಟಿ ಮೇಲೆ ಕ್ಲಿನಿಕಲ್ ಅಂತ ಇದ್ದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಬೋರ್ಡು ಹಾಕಿಕೊಳ್ಳಲು ಆಗೋದಿಲ್ಲ. 1992ರ ಕಾಯ್ದೆ ಪ್ರಕಾರ ಇರುವ ಭಾರತೀಯ ಪುನರ್ವಸತಿ ಪರಿಷತ್ತು, ಎಲ್ಲರೂ ಆರ್‌ಸಿಐ ಅನ್ನುತ್ತಾರಲ್ಲ ಅದು, ಮಾನ್ಯತೆ ಕೊಟ್ಟ ಕೋರ್ಸ್ ಮುಗಿಸಬೇಕು, ಆಮೇಲೆ ಅಲ್ಲಿ ಹೆಸರು ನೋಂದಾಯಿಸಬೇಕು. ಬಹಳ ವರ್ಷ ಇದಕ್ಕೆ ಇದ್ದ ದಾರಿ ಎಂಎ ಆದ ಮೇಲೆ ಎರಡು ವರ್ಷದ ಎಂಫಿಲ್, ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ. ಆದರೆ ಎಂಫಿಲ್ ಪದವಿಯನ್ನೇ ನಿಲ್ಲಿಸುವ ತೀರ್ಮಾನ ಆಗಿದೆ, ಕ್ಲಿನಿಕಲ್ ಸೈಕಾಲಜಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2025-26ರ ತನಕ ಅವಕಾಶ ಕೊಟ್ಟಿತ್ತು. ಹಾಗಾಗಿ ಹಳೇ ಸೀನಿಯರ್‌ಗಳ ಮಾತು ಕೇಳಿ ಸೇರಬೇಡಿ. ನೀವು ಸೇರುವ ವರ್ಷ ಆ ಕಾಲೇಜು, ಆ ಕೋರ್ಸ್ ಎರಡೂ ಆರ್‌ಸಿಐ ಪಟ್ಟಿಯಲ್ಲಿ ಇವೆಯಾ ಅಂತ ನೀವೇ ಕಣ್ಣಾರೆ ನೋಡಿ. ನನ್ನ ಜೊತೆ ಓದಿದ ಗೆಳತಿಯೊಬ್ಬಳು ಹೀಗೆ ನೋಡದೆ ಒಂದು ಕಡೆ ಫೀಸು ಕಟ್ಟಿ, ಎರಡು ವರ್ಷ ಕಳೆದ ಮೇಲೆ ನೋಂದಣಿ ಆಗೋದಿಲ್ಲ ಅಂತ ಗೊತ್ತಾಗಿ ತುಂಬಾ ಅತ್ತಳು.

ಇನ್ನು ನನ್ನ ಕೆಲಸ, ಅಂದರೆ ಕೌನ್ಸೆಲಿಂಗ್. ಗುರುತು ಸಿಗದ ಹಾಗೆ ಒಬ್ಬ ಹುಡುಗನ ಕಥೆ ಹೇಳುತ್ತೇನೆ. ಎಂಟನೇ ಕ್ಲಾಸು. ಪಾಠದ ಬಗ್ಗೆ ಬಾಯಲ್ಲಿ ಕೇಳಿದರೆ ಎಲ್ಲಾ ಹೇಳುತ್ತಾನೆ, ಬರೆಯಲು ಕೊಟ್ಟರೆ ಒತ್ತಕ್ಷರ ಬಿಟ್ಟುಹೋಗುತ್ತದೆ, ದೀರ್ಘ ಹೋಗಿ ಹ್ರಸ್ವ ಆಗುತ್ತದೆ, ಒಂದು ಸಾಲು ಓದಲು ಬೆವರುತ್ತಾನೆ. ಶಾಲೆಯಲ್ಲಿ ದಡ್ಡ ಅಂದರು, ಮನೆಯಲ್ಲಿ ಏಟು. ಯಾರೋ ಒಬ್ಬರು ಅವನಿಗೆ ಇಂಗ್ಲಿಷ್‌ನಲ್ಲಿ ಪ್ರಶ್ನೆ ಕೇಳಿ ಬುದ್ಧಿಮಟ್ಟ ಕಡಿಮೆ ಅಂತ ಬರೆದೂ ಕೊಟ್ಟಿದ್ದರು. ಇಂಗ್ಲಿಷೇ ಬಾರದ ಹುಡುಗ ಏನು ಉತ್ತರ ಕೊಟ್ಟಾನು ಹೇಳಿ? ನಾನು ಅವನ ನೋಟ್‌ಬುಕ್ಕುಗಳನ್ನೆಲ್ಲ ತೆಗೆದು ನೋಡಿ, ಅಪ್ಪ ಅಮ್ಮನನ್ನು ಕೂರಿಸಿಕೊಂಡು ಮಾತಾಡಿ, ಆಸ್ಪತ್ರೆಗೆ ಕಳಿಸಿದೆ. ಅಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಕನ್ನಡದಲ್ಲೇ ಬಿನೇ-ಕಾಮತ್ ಅನ್ನೋ ಬುದ್ಧಿಮಟ್ಟದ ಪರೀಕ್ಷೆ ಮಾಡಿದರು. ಬುದ್ಧಿಗೆ ಏನೂ ಆಗಿಲ್ಲ, ಇರೋದು ಓದು ಬರಹದ ಕಲಿಕಾ ನ್ಯೂನತೆ ಅಂತ ಗೊತ್ತಾಯಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಇದೂ ಸೇರಿದೆ, ಸರ್ಟಿಫಿಕೇಟ್ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದು. ಬುದ್ಧಿಮಟ್ಟದ ಪರೀಕ್ಷೆ ಮಾಡಲು ಆ ತರಬೇತಿ ಆದವರೇ ಬೇಕಿತ್ತು. ಆದರೆ ಶಾಲೆಯಲ್ಲಿ ಯಾರೂ ಕೂತಿರದಿದ್ದರೆ ಆ ಮಗು ಅವರ ತನಕ ಹೋಗುತ್ತಲೇ ಇರಲಿಲ್ಲ. ಇವೆರಡರಲ್ಲಿ ಯಾವ ಕೆಲಸಕ್ಕೆ ಬೆಲೆ ಕಡಿಮೆ?

ಆ ಬಿನೇ-ಕಾಮತ್ ಪರೀಕ್ಷೆ ಬಗ್ಗೆ ಒಂದು ಮಾತು. ಆಲ್ಫ್ರೆಡ್ ಬಿನೇ 1905ರಲ್ಲಿ ಪ್ಯಾರಿಸ್‌ನಲ್ಲಿ ಇಂಥದ್ದೊಂದನ್ನು ಮಾಡಿದ್ದೇ ಶಾಲೆಯಲ್ಲಿ ಯಾವ ಮಕ್ಕಳಿಗೆ ಹೆಚ್ಚಿನ ಸಹಾಯ ಬೇಕು ಅಂತ ತಿಳಿಯಲು. ಅದನ್ನು ಕನ್ನಡ, ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ.ವಿ. ಕಾಮತ್. ಮೈಸೂರು ವಿಶ್ವವಿದ್ಯಾಲಯದಲ್ಲೂ 1924ರಲ್ಲೇ ಎಂ.ವಿ. ಗೋಪಾಲಸ್ವಾಮಿ ಸೈಕಾಲಜಿ ವಿಭಾಗ ಶುರು ಮಾಡಿದ್ದರು. ಕನ್ನಡದಲ್ಲಿ ಈ ಕೆಲಸ ಮಾಡೋದು ಹೊಸದೇನಲ್ಲ. ನೀವು ದುರ್ಗದ ಕನ್ನಡ ಮಾತಾಡುತ್ತೀರಲ್ಲ, ಯಾವ ವಿಭಾಗಕ್ಕೆ ಹೋದರೂ ಅದು ನಿಮ್ಮ ದೊಡ್ಡ ಆಸ್ತಿ.

ಇಂಡಸ್ಟ್ರಿಯಲ್, ಅಂದರೆ ಕೆಲಸದ ಜಾಗದಲ್ಲಿ ಜನರ ಮನಸ್ಸು ಹೇಗಿರುತ್ತದೆ ಅಂತ ನೋಡುವ ವಿಭಾಗದ ಬಗ್ಗೆ ನನಗೆ ಮೊದಲು ತಾತ್ಸಾರ ಇತ್ತು. ಆಮೇಲೆ ಅಮೆರಿಕದ ಹಾಥಾರ್ನ್ ಕಾರ್ಖಾನೆಯ ಪ್ರಯೋಗ ಓದಿದೆ. 1924ರಲ್ಲಿ ಬೆಳಕು ಜಾಸ್ತಿ ಮಾಡಿದರೆ ಕೆಲಸ ಜಾಸ್ತಿ ಆಗುತ್ತಾ ಅಂತ ನೋಡಲು ಹೊರಟವರು, ಕೊನೆಗೆ ಕೆಲಸಗಾರರ ಒಡನಾಟ, ಮೇಲಿನವರು ಅವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನೋದರ ಕಡೆ ತಿರುಗಿದರು. ನಮ್ಮಜ್ಜ ಇಲ್ಲಿಯ ಹತ್ತಿ ಮಿಲ್ಲಿನಲ್ಲಿ ರಾತ್ರಿ ಪಾಳಿ ಮಾಡಿದವರು, ಹಗಲು ಅವರಿಗೆ ಸರಿಯಾಗಿ ನಿದ್ದೆ ಹತ್ತುತ್ತಿರಲಿಲ್ಲ. ಅದನ್ನು ಓದುವಾಗ ಅವರೇ ನೆನಪಾದರು. ಈ ವಿಭಾಗದ ಕೆಲಸ ಸಿಗೋದು ಮಾತ್ರ ಹೆಚ್ಚಾಗಿ ಬೆಂಗಳೂರಿನಲ್ಲಿ, ಕಂಪನಿಗಳ ಎಚ್‌ಆರ್ ಕಡೆ.

ಫೊರೆನ್ಸಿಕ್ ಅಂತಲೂ ಒಂದಿದೆ, ಪೊಲೀಸ್ ತನಿಖೆ, ಕೋರ್ಟಿಗೆ ನೆರವಾಗುವ ಸೈಕಾಲಜಿ, ಅದನ್ನು ಟಿವಿ ಸೀರಿಯಲ್ ನೋಡಿ ಆರಿಸಬೇಡಿ. ಒಪ್ಪಿಗೆ ಇಲ್ಲದೆ ಯಾರಿಗೂ ಮಂಪರು ಪರೀಕ್ಷೆ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ, ಅದೂ ನಮ್ಮ ಕರ್ನಾಟಕದಿಂದ ಹೋದ ಕೇಸಿನಲ್ಲಿ.

ಹೆಸರು ನೋಡಿ ಆರಿಸುವ ಬದಲು, ದಿನಾ ಬೆಳಗ್ಗೆ ನಿಮ್ಮ ಎದುರಿಗೆ ಯಾರು ಬಂದು ಕೂರಬೇಕು ಅಂತ ಯೋಚಿಸಿ. ರೋಗಿಯಾ, ಶಾಲೆ ಮಗುವಾ, ಕೆಲಸಗಾರನಾ? ಸುಮ್ನೆ ಯೋಚಿಸಿದರೆ ಗೊತ್ತಾಗೋದಿಲ್ಲ, ಹೋಗಿ ನೋಡಬೇಕು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಇದೆ, 1996ರಲ್ಲಿ ದೇಶದಲ್ಲಿ ಶುರುವಾಗಿದ್ದು, ಅದಕ್ಕೆ ಮಾದರಿ ನಿಮ್ಮ ಪಕ್ಕದ ಬಳ್ಳಾರಿಯಲ್ಲಿ ನಿಮ್ಹಾನ್ಸ್ ಮಾಡಿದ ಪ್ರಯೋಗ. ಜಿಲ್ಲಾಸ್ಪತ್ರೆಯಲ್ಲಿ ಆ ತಂಡದವರನ್ನು ಭೇಟಿ ಮಾಡಿ, ಕೆಲವು ದಿನ ಜೊತೆಗಿದ್ದು ನೋಡಬಹುದಾ ಅಂತ ವಿನಯವಾಗಿ ಕೇಳಿ. ಬೇಡ ಅಂದರೆ ಒಂದು ಶಾಲೆ ಕೇಳಿ. ಸಂಬಳದ ವಿಷಯಕ್ಕೆ ಬಂದರೆ, ಆಪ್ತ ಸಮಾಲೋಚಕರಿಗೆ ಶುರುವಿನಲ್ಲಿ ಕಡಿಮೆಯೇ, ಮನೆಯಲ್ಲಿ ಇದನ್ನು ಮೊದಲೇ ಹೇಳಿಬಿಡಿ.

ಯಾವ ಯಾವ ಕಾಲೇಜು ನೋಡುತ್ತಿದ್ದೀರಿ ಅಂತ ಬರೆಯಿರಿ. ಸಿಲಬಸ್‌ನಲ್ಲಿ ಪೇಪರುಗಳ ಹೆಸರಿಗಿಂತ ಇಂಟರ್ನ್‌ಶಿಪ್ ಎಷ್ಟು ಗಂಟೆ ಇದೆ, ಎಲ್ಲಿಗೆ ಕಳಿಸುತ್ತಾರೆ, ಅಲ್ಲಿ ಜೊತೆಗೆ ನಿಂತು ತಿದ್ದುವವರು ಯಾರು ಅನ್ನೋದನ್ನು ಮೊದಲು ಕೇಳಿಕೊಳ್ಳಿ.